ಮಾಡೀನ್ರಿ, ಮಾಡ್ತೀನ್ರಿ: ಆಫೀಸಿನ ಮೀಟಿಂಗ್ ಟೂಲ್‌ಗೆ ಫೀಡ್‌ಬ್ಯಾಕ್ ಬರೆಯುವ ಕ್ರಮ

"ಟೂಲ್ ಸರಿ ಇಲ್ಲ, ಕನ್ನಡ ತಪ್ಪು ಬರೀತದ." ಮೀಟಿಂಗಿನ ಮಾತನ್ನು ಬರಹಕ್ಕಿಳಿಸಲು ಕಂಪನಿಯೊಳಗೇ ಕಟ್ಟಿದ ಟ್ರಾನ್ಸ್‌ಕ್ರಿಪ್ಟ್ ಟೂಲ್‌ಗೆ ಪದೇ ಪದೇ ಬರುವ ಫೀಡ್‌ಬ್ಯಾಕ್ ಈ ಒಂದು ಸಾಲು. ಸಾಲು ನಿಜವೇ. ಆದರೆ ಅದನ್ನು ಓದಿದ ಡೆವಲಪರ್ ಮುಂದೇನು ಮಾಡಬೇಕು? ಯಾವ ಮೀಟಿಂಗು, ಎಷ್ಟನೇ ನಿಮಿಷ, ಹೇಳಿದ್ದೇನು, ಬರೆದದ್ದೇನು, ಅದರಿಂದ ಯಾವ ಕೆಲಸ ಕೆಟ್ಟಿತು, ಒಂದೂ ಅದರಲ್ಲಿಲ್ಲ. ಟಿಕೆಟ್ (ದೂರಿನ ದಾಖಲೆ) ಮುಚ್ಚಿಹೋಗುತ್ತದೆ, ತಪ್ಪು ಹಾಗೇ ಉಳಿಯುತ್ತದೆ, ಮುಂದಿನ ತಿಂಗಳು ಜನ ಟೂಲ್ ಬಳಸುವುದನ್ನೇ ಬಿಡುತ್ತಾರೆ.

ತೋರಣಗಲ್ಲು ಸುತ್ತಿನ ಉಕ್ಕು, ಸಂಡೂರಿನ ಗಣಿ, ಗಿಣಿಗೇರಾ ಕಡೆಯ ಸ್ಪಾಂಜ್ ಐರನ್, ಗಂಗಾವತಿ ಕಾರಟಗಿಯ ರೈಸ್ ಮಿಲ್ಲು, ರಾಯಚೂರಿನ ಹತ್ತಿ: ಬಳ್ಳಾರಿ, ಕೊಪ್ಪಳ, ರಾಯಚೂರಿನ ನಮ್ಮ ಭಾಗದ ಯಾವ ವ್ಯವಹಾರವಾದರೂ ಮೀಟಿಂಗಿನ ಮಾತು ಹೊರಗಿನ ಸರ್ವರಿಗೆ ಹೋಗುವುದು ಮಾಲೀಕರಿಗೆ ಇಷ್ಟವಿರುವುದಿಲ್ಲ. ಹಾಗಾಗಿ ಧ್ವನಿಯನ್ನು ಅಕ್ಷರ ಮಾಡುವ ಓಪನ್ ಸೋರ್ಸ್ (ಯಾರು ಬೇಕಾದರೂ ತಂದು ಬಳಸಬಹುದಾದ) ಮಾಡೆಲ್ ತಂದು ತಮ್ಮದೇ ಸರ್ವರಿನಲ್ಲಿ ಕೂರಿಸುವುದು ಒಳ್ಳೆಯ ದಾರಿ. ಓಪನ್‌ಎಐ 2022ರಲ್ಲಿ ಬಿಟ್ಟ ವಿಸ್ಪರ್ ಇದೆ, ಐಐಟಿ ಮದ್ರಾಸಿನ ಎಐ4ಭಾರತ್ ತಂಡದ ಇಂಡಿಕ್‌ಕನ್ಫಾರ್ಮರ್ ಇದೆ. ವಿಸ್ಪರ್ ಮೊದಲು ಕಲಿತದ್ದು 6,80,000 ಗಂಟೆಗಳ ಧ್ವನಿಯಿಂದ. ಅದರಲ್ಲಿ ದೊಡ್ಡ ಪಾಲು ಇಂಗ್ಲಿಷ್, ಕನ್ನಡದ ಪಾಲು ತೀರಾ ಚಿಕ್ಕದು. ಆ ಚಿಕ್ಕ ಪಾಲಿನಲ್ಲಿ ಲಿಂಗಸುಗೂರು, ಕುಷ್ಟಗಿ, ಸಿರುಗುಪ್ಪದ ಮಾತು ಎಷ್ಟಿದ್ದೀತು? ಎಐ4ಭಾರತ್‌ನವರು ಭಾರತೀಯ ಭಾಷೆಗಳಿಗೆಂದೇ ಧ್ವನಿ ಸಂಗ್ರಹಿಸಿದ್ದಾರೆ, ಅದರಿಂದ ಸ್ಥಿತಿ ಸುಧಾರಿಸಿದೆ. ಆದರೂ ನಿಮ್ಮ ಪ್ಲಾಂಟಿನ ಮಾತು, ನಿಮ್ಮ ಊರಿನ ಹೆಸರು, ನಿಮ್ಮ ಫೋರ್‌ಮನ್ ವಾಕ್ಯ ಮುಗಿಸುವ ರೀತಿ ಯಾವ ಮಾಡೆಲ್‌ಗೂ ಮೊದಲೇ ಗೊತ್ತಿರುವುದಿಲ್ಲ. ಅದು ಗೊತ್ತಾಗುವುದು ನೀವು ಬರೆದು ಕೊಟ್ಟರೆ ಮಾತ್ರ. ಅದಕ್ಕೇ ಈ ಭಾಗದಿಂದ ಹೋಗುವ ಒಂದು ಒಳ್ಳೆಯ ಫೀಡ್‌ಬ್ಯಾಕ್‌ಗೆ ಬೆಂಗಳೂರಿನಿಂದ ಹೋಗುವ ಹತ್ತರಷ್ಟು ಬೆಲೆ ಇದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ತಪ್ಪು ಎಲ್ಲಿ ಹುಟ್ಟಿತು ಎಂದು ಮೊದಲು ನೋಡಿ

ಟೂಲ್ ಒಂದೇ ಯಂತ್ರದಂತೆ ಕಾಣುತ್ತದೆ. ಒಳಗೆ ನಾಲ್ಕೈದು ಹಂತಗಳಿವೆ. ಮೈಕ್ ಧ್ವನಿ ಹಿಡಿಯುತ್ತದೆ. ಒಂದು ಭಾಗ ಮಾತು ಯಾವುದು, ಮೌನ ಯಾವುದು ಎಂದು ಕತ್ತರಿಸುತ್ತದೆ. ಮಾಡೆಲ್ ಅದನ್ನು ಅಕ್ಷರ ಮಾಡುತ್ತದೆ. ಇನ್ನೊಂದು ಭಾಗ ಯಾರು ಮಾತಾಡಿದರು ಎಂದು ಹೆಸರು ಅಂಟಿಸುತ್ತದೆ. ಕೊನೆಗೆ ಒಂದು ಭಾಷಾ ಮಾಡೆಲ್ ಸಾರಾಂಶ ಬರೆದು, ಯಾರಿಗೆ ಯಾವ ಕೆಲಸ ಎಂಬ ಪಟ್ಟಿ ಕೊಡುತ್ತದೆ. ಎಲ್ಲ ಹಂತಗಳ ತಪ್ಪೂ ಕೊನೆಯಲ್ಲಿ "ತಪ್ಪು ನಡಾವಳಿ" ಆಗಿಯೇ ಕಾಣುತ್ತದೆ. ಸರಿಪಡಿಸುವ ಕೈ ಮಾತ್ರ ಬೇರೆ ಬೇರೆ.

ಪತ್ತೆ ಮಾಡುವುದು ಕಷ್ಟವಲ್ಲ. ಆ ಜಾಗದ ರೆಕಾರ್ಡಿಂಗ್ ಅನ್ನು ಇಯರ್‌ಫೋನ್ ಹಾಕಿ ಕೇಳಿ. ನಿಮ್ಮ ಕಿವಿಗೇ ತಿಳಿಯದಿದ್ದರೆ ಅದು ಮೈಕ್ ಅಥವಾ ಕೋಣೆಯ ಸಮಸ್ಯೆ, ಮಾಡೆಲ್ ಬದಲಿಸಿ ಪ್ರಯೋಜನವಿಲ್ಲ. ಧ್ವನಿ ಸ್ಪಷ್ಟವಿದ್ದು ಅಕ್ಷರ ತಪ್ಪಿದ್ದರೆ ಮಾಡೆಲ್. ಅಕ್ಷರ ಸರಿ ಇದ್ದು ಮಾತು ಬೇರೆಯವರ ಹೆಸರಿಗೆ ಹೋಗಿದ್ದರೆ ಹೆಸರು ಅಂಟಿಸುವ ಭಾಗ. ಟ್ರಾನ್ಸ್‌ಕ್ರಿಪ್ಟ್ ಪೂರ್ತಿ ಸರಿ ಇದ್ದು ಸಾರಾಂಶ ಮಾತ್ರ ತಿರುಚಿದ್ದರೆ ಕೊನೆಯ ಭಾಗ. ಈ ನಾಲ್ಕರಲ್ಲಿ ಯಾವುದು ಎಂಬ ಒಂದು ಪದವನ್ನು ಫೀಡ್‌ಬ್ಯಾಕ್‌ನ ಮೊದಲ ಸಾಲಿನಲ್ಲಿ ಬರೆದರೆ ಡೆವಲಪರ್‌ನ ಅರ್ಧ ಹುಡುಕಾಟ ಉಳಿಯುತ್ತದೆ.

ಕೋಣೆಯ ಬಗ್ಗೆ ಬರೆಯುವಾಗ "ಗದ್ದಲ ಇತ್ತು" ಎಂದರೆ ಸಾಲದು. ಮೈಕ್ ಬಾಯಿಂದ ಎಷ್ಟು ದೂರ? ದೂರ ಎರಡು ಪಟ್ಟಾದರೆ ನೇರ ದನಿ 6 ಡೆಸಿಬೆಲ್ ಇಳಿಯುತ್ತದೆ. ಅರ್ಧ ಮೀಟರಿನಲ್ಲಿ ಕೂತವರಿಗೂ ಮೇಜಿನ ತುದಿಯಲ್ಲಿ 2 ಮೀಟರ್ ಆಚೆ ಕೂತವರಿಗೂ 12 ಡೆಸಿಬೆಲ್ ವ್ಯತ್ಯಾಸ. ಫ್ಯಾನ್ ಎಷ್ಟರಲ್ಲಿತ್ತು, ಕೂಲರ್ ಓಡುತ್ತಿತ್ತೇ? ರಾಯಚೂರಿನ ಏಪ್ರಿಲ್ ಮೇ ತಿಂಗಳಲ್ಲಿ ಕೂಲರ್ ನಿಲ್ಲಿಸಿ ಮೀಟಿಂಗ್ ಮಾಡಿ ಎಂದು ಯಾರೂ ಹೇಳಲಾರರು. ಮೈಕನ್ನು ಕೂಲರಿನ ಗಾಳಿಯ ದಾರಿಯಿಂದ ಸರಿಸಿ ಇಡಬಹುದು. ಸೈಟಿನಿಂದ ಯಾರಾದರೂ ಮಾಮೂಲಿ ಫೋನ್ ಕಾಲ್‌ನಲ್ಲಿ ಸೇರಿದ್ದರೆ ಅದನ್ನೂ ಬರೆಯಿರಿ. ಹಳೆಯ ಬಗೆಯ ದೂರವಾಣಿ ಸಂಪರ್ಕದಲ್ಲಿ ಸುಮಾರು 300ರಿಂದ 3,400 ಹರ್ಟ್ಸ್ ಮಾತ್ರ ದಾಟುತ್ತದೆ. ಸ, ಶ, ಫ ಅಕ್ಷರಗಳನ್ನು ಬೇರೆ ಮಾಡಿ ಕೇಳಿಸುವ ಸದ್ದು ಹೆಚ್ಚಾಗಿ ಅದಕ್ಕಿಂತ ಮೇಲಿರುತ್ತದೆ. ಕರೆಂಟ್ ಹೋಗಿ ಜನರೇಟರಿಗೆ ಬದಲಾದಾಗ ರೆಕಾರ್ಡಿಂಗ್ ಎರಡು ತುಂಡಾಗಿ, ಎರಡನೇ ತುಂಡಿನ ಸಮಯ ಮತ್ತೆ 00:00ಯಿಂದ ಶುರುವಾಗಿದ್ದರೆ "ಎರಡನೇ ಫೈಲಿನ 14:22" ಎಂದೇ ನಮೂದಿಸಿ.

ಕ್ರಿಯಾಪದದ ಬಾಲ

ಇಲ್ಲಿಗೆ ಬಂದರೆ ನಿಧಾನವಾಗಿ ಓದಿ. ನಮ್ಮ ಭಾಗದ ಮೀಟಿಂಗುಗಳಲ್ಲಿ ಹಾನಿ ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ವಾಕ್ಯದ ಕೊನೆಯಲ್ಲಿ ಕೂತಿರುತ್ತವೆ.

ಕನ್ನಡದಲ್ಲಿ ಆಯಿತೋ ಇಲ್ಲವೋ, ಮಾಡಿದ್ದೋ ಮಾಡುವುದೋ, ನಾನೋ ಅವನೋ ಎಂಬುದೆಲ್ಲ ಕ್ರಿಯಾಪದದ ಬಾಲದಲ್ಲಿದೆ. ಮಾತಾಡುವವರು ದನಿ ಇಳಿಸುವುದೂ ಅಲ್ಲೇ. ಗದ್ದಲ ತಗ್ಗಿಸುವ ಫಿಲ್ಟರು ಮೊದಲು ನುಂಗುವುದು ಇಳಿದ ದನಿಯನ್ನು. ಮೌನ ಕತ್ತರಿಸುವ ಭಾಗ ಅವಸರದಿಂದ ಕತ್ತರಿ ಹಾಕುವುದೂ ಅದೇ ಜಾಗದಲ್ಲಿ. ಇಂಗ್ಲಿಷಿನಲ್ಲಿ "ನಾಟ್" ವಾಕ್ಯದ ನಡುವೆ ಬರುವುದರಿಂದ ಕೊನೆಯ 200 ಮಿಲಿಸೆಕೆಂಡ್ ಹೋದರೂ ಸಾಮಾನ್ಯವಾಗಿ ಅರ್ಥ ಉಳಿಯುತ್ತದೆ. ನಮ್ಮಲ್ಲಿ ಅದೇ 200 ಮಿಲಿಸೆಕೆಂಡಿನಲ್ಲಿ ತೀರ್ಮಾನವೇ ಇರುತ್ತದೆ.

ಉದಾಹರಣೆಗೆ "ಕಳಿಸೀನ್ರಿ" ಮತ್ತು "ಕಳಿಸ್ತೀನ್ರಿ" ನೋಡಿ. ಮೊದಲನೆಯದು ಆಗಲೇ ಕಳಿಸಿದ್ದಾಗಿದೆ ಎಂಬ ಮಾತು, ಎರಡನೆಯದು ಇನ್ನು ಕಳಿಸುತ್ತೇನೆ ಎಂಬ ಮಾತು. ನಡುವೆ ಇರುವುದು ಒಂದು ತಕಾರ. ಇದು ಬಿದ್ದುಹೋದರೆ ಬಾಕಿ ಕೆಲಸ ಮುಗಿದ ಕೆಲಸವಾಗಿ ಪಟ್ಟಿಯಲ್ಲಿ ಕೂರುತ್ತದೆ, ಯಾರೂ ಅದನ್ನು ಮತ್ತೆ ಕೇಳುವುದಿಲ್ಲ. "ಬರಂಗಿಲ್ಲ" ಎಂಬುದರ ಬಾಲ ಕತ್ತರಿಸಿದರೆ "ಬರಂಗ" ಉಳಿಯುತ್ತದೆ. ಸಾರಾಂಶ ಬರೆಯುವ ಮಾಡೆಲ್ ಅದನ್ನು "ಬರುವಂತೆ" ಎಂದು ಓದಿ ಮಾಲು ಬರುವಂತೆ ನೋಡಿಕೊಳ್ಳಬೇಕು ಎಂದು ಬರೆದುಬಿಡಬಹುದು. "ಆಗಂಗಿಲ್ಲ", "ಕೊಡಂಗಿಲ್ಲ", "ಬ್ಯಾಡ" ಎಲ್ಲವೂ ಇದೇ ಅಪಾಯದ ಪಟ್ಟಿಯವು.

ಹಾಗಾಗಿ ನೀವು ವಾರಕ್ಕೆ ಹತ್ತು ನಿಮಿಷ ಮಾತ್ರ ಫೀಡ್‌ಬ್ಯಾಕ್‌ಗೆ ಕೊಡಬಲ್ಲಿರಾದರೆ ಟ್ರಾನ್ಸ್‌ಕ್ರಿಪ್ಟಿನ ಎಲ್ಲ ತಪ್ಪು ಹುಡುಕಬೇಡಿ. "ಇಲ್ಲ" ಕಳೆದುಹೋದ ಜಾಗ, ಮುಗಿದದ್ದಕ್ಕೂ ಮುಗಿಯಬೇಕಾದದ್ದಕ್ಕೂ ಅದಲು ಬದಲಾದ ಜಾಗ, ಅಂಕಿ ತಪ್ಪಿದ ಜಾಗ, ಹೆಸರು ತಪ್ಪಿದ ಜಾಗ, ಈ ನಾಲ್ಕನ್ನು ಮಾತ್ರ ಹುಡುಕಿ. ಕಾಗುಣಿತದ ಏರುಪೇರು ಆಮೇಲೆ. ಡೆವಲಪರ್‌ಗೆ ಬಾಲ ತುಂಡಾಗುವ ಒಂದೇ ಬಗೆಯ ಐದಾರು ಕ್ಲಿಪ್ ಸಿಕ್ಕರೆ, ಮಾತು ಮುಗಿದ ಮೇಲೂ ಕೆಲವು ನೂರು ಮಿಲಿಸೆಕೆಂಡ್ ಧ್ವನಿ ಉಳಿಸಿ ಕತ್ತರಿಸುವಂತೆ ಸೆಟ್ಟಿಂಗ್ ಬದಲಿಸಬಹುದು. ಮಾಡೆಲ್‌ಗೆ ಹೊಸದಾಗಿ ಕಲಿಸಬೇಕಿಲ್ಲ, ಅದೇ ದಿನ ಆಗುವ ಕೆಲಸ. ಕ್ಲಿಪ್ ಇಲ್ಲದೆ ಅದು ಯಾರಿಗೂ ಹೊಳೆಯುವುದಿಲ್ಲ.

ಎರಡು ಮೂರು ದಿನ, 23 ದಿನ

ಅಂಕಿಗಳ ತಪ್ಪಿಗೆ ಕಾರಣ ಬೇರೆ. ಎಷ್ಟೋ ಟೂಲ್‌ಗಳಲ್ಲಿ ಪದಗಳಲ್ಲಿ ಹೇಳಿದ ಸಂಖ್ಯೆಯನ್ನು ಅಂಕಿಗೆ ತಿರುಗಿಸುವ ಪ್ರತ್ಯೇಕ ನಿಯಮಗಳಿರುತ್ತವೆ. ನಾವು ಅಂದಾಜು ಹೇಳುವ ರೀತಿ ಆ ನಿಯಮ ಬರೆದವರಿಗೆ ಗೊತ್ತಿಲ್ಲದಿದ್ದರೆ "ಎರಡು ಮೂರು ದಿನ" ಹೋಗಿ 23 ದಿನ ಆಗುತ್ತದೆ, "ಐದಾರು ಲೋಡು" 56 ಲೋಡಾಗುತ್ತದೆ. ಇದಕ್ಕೆ ಸೇರಿದಂತೆ ದೀಡ, ಅಡೀಚ, ಸವ್ವಾ, ಪಾವಣೆ ಎಂಬ ಲೆಕ್ಕ ನಮ್ಮಲ್ಲಿ ಇನ್ನೂ ಜೀವಂತ. ದೀಡ ಸಾವಿರ ಎಂದರೆ 1,500, ಅಡೀಚ ಸಾವಿರ ಎಂದರೆ 2,500, ಸವ್ವಾ ಲಕ್ಷ ಎಂದರೆ 1,25,000. ಹಮಾಲಿ ದರ, ಟ್ರಕ್ ಬಾಡಿಗೆ, ಭತ್ತದ ರೇಟು ಮಾತಾಡುವಾಗ ಇವು ಸಹಜವಾಗಿ ಬರುತ್ತವೆ. ಟೂಲ್ "ದೀಡ" ಎಂಬುದನ್ನು ಹೆಸರೆಂದೋ ಸದ್ದೆಂದೋ ತಿಳಿದು ಬಿಟ್ಟರೆ ಉಳಿಯುವುದು ಬರೀ ಸಾವಿರ.

ಇದರ ಫೀಡ್‌ಬ್ಯಾಕ್ ಒಂದು ಸಾಲಿನದಲ್ಲ, ಒಂದು ಕೋಷ್ಟಕದ್ದು. ಎಡಕ್ಕೆ ಜನ ಹೇಳುವ ರೂಪ, ಬಲಕ್ಕೆ ಅದರ ಅಂಕಿ, ಪಕ್ಕದಲ್ಲಿ ಒಂದು ಪೂರ್ತಿ ವಾಕ್ಯ. ಇಪ್ಪತ್ತು ಸಾಲಿನ ಇಂಥ ಕೋಷ್ಟಕ ಕೊಟ್ಟರೆ ನಿಯಮ ಬರೆಯುವವರಿಗೆ ಬೇರೇನೂ ಬೇಡ. ಅಂದಾಜಿನ ಮಾತನ್ನು ಅಂಕಿ ಮಾಡದೆ ಪದದಲ್ಲೇ ಬಿಡಿ ಎಂದು ಸ್ಪಷ್ಟವಾಗಿ ಕೇಳಿ. ದಿನಾಂಕಕ್ಕೂ ಅದೇ ಮಾತು. "ಅಮಾಸಿ ಆದಮ್ಯಾಲ ಶುರು ಮಾಡೂಣ್ರಿ" ಎಂದರೆ ಟೂಲ್ ಒಂದು ತಾರೀಖು ಊಹಿಸಿ ಹಾಕುವುದಕ್ಕಿಂತ ಆ ಮಾತನ್ನೇ ಉಳಿಸುವುದು ಮೇಲು. "ನಾಳಿಗೆ" ಎಂಬುದನ್ನು ಮೀಟಿಂಗ್ ನಡೆದ ದಿನದಿಂದ ಎಣಿಸಬೇಕು. ಫೈಲ್ ಮರುದಿನ ಅಪ್‌ಲೋಡ್ ಆದರೆ ಆ ದಿನದಿಂದ ಎಣಿಸಿ ಒಂದು ದಿನ ತಪ್ಪುವುದುಂಟು. ಇದು ಸಿಕ್ಕರೆ ಮೀಟಿಂಗ್ ದಿನ, ಅಪ್‌ಲೋಡ್ ದಿನ ಎರಡನ್ನೂ ಬರೆಯಿರಿ.

ನಾಲ್ಕು ಭಾಷೆಯ ಒಂದು ಮೀಟಿಂಗ್

ಬಳ್ಳಾರಿ 1953ರವರೆಗೆ ಮದ್ರಾಸಿನೊಂದಿಗೆ, ರಾಯಚೂರು ಮತ್ತು ಅದರ ಭಾಗವಾಗಿದ್ದ ಕೊಪ್ಪಳ 1956ರವರೆಗೆ ಹೈದರಾಬಾದಿನೊಂದಿಗೆ ಇದ್ದವು. ಇಂದಿಗೂ ಒಂದು ಮೇಜಿನ ಸುತ್ತ ಕನ್ನಡ, ತೆಲುಗು, ಉರ್ದು ಬೆರೆತ ಹಿಂದಿ, ಇಂಗ್ಲಿಷ್ ಸಲೀಸಾಗಿ ಓಡಾಡುತ್ತವೆ. ವಿಸ್ಪರ್ ಮಾದರಿಗೆ ಭಾಷೆ ಯಾವುದೆಂದು ಹೇಳದಿದ್ದರೆ ಅದು ಮೊದಲ 30 ಸೆಕೆಂಡ್ ಕೇಳಿ ತೀರ್ಮಾನಿಸುತ್ತದೆ. ಮ್ಯಾನೇಜರ್ "ಗುಡ್ ಮಾರ್ನಿಂಗ್, ಶಲ್ ವಿ ಸ್ಟಾರ್ಟ್" ಎಂದು ಶುರು ಮಾಡಿದರೆ ಮುಂದಿನ ಒಂದು ಗಂಟೆಯ ಕನ್ನಡ ಇಂಗ್ಲಿಷೆಂದೇ ಎಣಿಕೆಯಾಗಿ ಅರ್ಥವಿಲ್ಲದ ಸಾಲುಗಳು ಬರಬಹುದು. ಇಡೀ ಟ್ರಾನ್ಸ್‌ಕ್ರಿಪ್ಟ್ ಕೆಟ್ಟಿದ್ದರೆ ಮೊದಲು ಭಾಷೆಯ ಸೆಟ್ಟಿಂಗ್ "ಆಟೋ" ಇತ್ತೇ, "ಕನ್ನಡ" ಇತ್ತೇ ನೋಡಿ, ಅದನ್ನು ಬರೆಯಿರಿ. ಮೊದಲ ಅರ್ಧ ನಿಮಿಷದಲ್ಲಿ ಯಾವ ಭಾಷೆ ಆಡಿದರು ಎಂಬುದನ್ನೂ ಸೇರಿಸಿ.

ಚಹಾ ಬಿಡುವಿನಲ್ಲಿ ಯಾರೂ ಆಡದ ಮಾತು ಬರೆದಿದ್ದರೆ, ಒಂದೇ ಸಾಲು ಹತ್ತಾರು ಸಲ ಬಂದಿದ್ದರೆ ಅದು ಈ ಬಗೆಯ ಮಾಡೆಲ್‌ಗಳ ಗೊತ್ತಿರುವ ದೋಷ. ಮೌನ ಅಥವಾ ಫ್ಯಾನ್ ಸದ್ದನ್ನೇ ಮಾತೆಂದು ತಿಳಿದು ಕಲ್ಪಿಸಿ ಬರೆಯುತ್ತವೆ. ಇಲ್ಲಿ ಬರೆದ ಪದಗಳಿಗಿಂತ ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಎಂಬುದು ಮುಖ್ಯ. ಟೀಗೆ ಎದ್ದಾಗ ರೆಕಾರ್ಡಿಂಗ್ ನಿಲ್ಲಿಸುವುದು ಸುಲಭದ ತಾತ್ಕಾಲಿಕ ಉಪಾಯ.

ಒಂದು ಮಾದರಿ

ಕ್ಲಿಪ್ 15ರಿಂದ 30 ಸೆಕೆಂಡ್ ಇರಲಿ, ತಪ್ಪಿನ ಹಿಂದೆ ಮುಂದೆ ನಾಲ್ಕೈದು ಸೆಕೆಂಡ್ ಸೇರಿರಲಿ. ಮಾಡೆಲ್ ಸುತ್ತಲಿನ ಮಾತು ನೋಡಿಯೇ ಪದ ಆರಿಸುವುದರಿಂದ ಒಂದೇ ಪದ ಕತ್ತರಿಸಿ ಕಳಿಸಿದರೆ ಅಲ್ಲಿ ಆ ತಪ್ಪು ಮತ್ತೆ ಕಾಣಿಸದೇ ಹೋಗಬಹುದು. ಬರಹ ಹೀಗಿದ್ದರೆ ಸಾಕು:

ಹಂತ: ಮಾಡೆಲ್
ಮೀಟಿಂಗ್: ಬೆಳಗಿನ ಶಿಫ್ಟ್ ಹಸ್ತಾಂತರ, ಚಿಕ್ಕ ಕಾನ್ಫರೆನ್ಸ್ ರೂಮ್, 9 ಜನ
ಜಾಗ: 14:22ರಿಂದ 14:41
ಹೇಳಿದ್ದು: ಎರಡನೇ ಕಿಲ್ನ್ ಬೇರಿಂಗಿಗೆ ಗ್ರೀಸ್ ಮಾಡ್ತೀನ್ರಿ, ಸಂಜಿಕ
ಬರೆದದ್ದು: ಎರಡನೇ ಕಿಲ್ ಬೇರಿಂಗಿಗೆ ಗ್ರೀಸ್ ಮಾಡೀನ್ರಿ ಸಂಜಿಕ
ಸಾರಾಂಶದಲ್ಲಿ: ಗ್ರೀಸಿಂಗ್ ಮುಗಿದಿದೆ
ಪರಿಣಾಮ: ಬಾಕಿ ಪಟ್ಟಿಯಿಂದ ಕೆಲಸ ಬಿಟ್ಟುಹೋಗಿದೆ
ಕಿವಿಗೆ: ಸ್ಪಷ್ಟವಾಗಿ ಕೇಳುತ್ತದೆ
ಮೈಕ್: ಮೇಜಿನ ಮಧ್ಯೆ, ಮಾತಾಡಿದವರು ಸುಮಾರು 2 ಮೀಟರ್ ದೂರ, ಕೂಲರ್ ಚಾಲೂ
ಭಾಷೆ: ಕನ್ನಡ ಎಂದು ಆರಿಸಿದೆ
ಮತ್ತೆ ಆಗಿದೆಯೇ: ಹೌದು, ಇದೇ ಮೀಟಿಂಗಿನಲ್ಲಿ 31:05ಕ್ಕೂ

"ಪರಿಣಾಮ" ಎಂಬ ಸಾಲನ್ನು ಬಿಡಬೇಡಿ. ಇನ್‌ಹೌಸ್ ತಂಡ ಸಾಮಾನ್ಯವಾಗಿ ಚಿಕ್ಕದು, ಅವರಿಗೆ ಬೇರೆ ಕೆಲಸಗಳೂ ಇರುತ್ತವೆ. ಯಾವುದನ್ನು ಮೊದಲು ಎತ್ತಿಕೊಳ್ಳಬೇಕು ಎಂದು ಅವರು ತೀರ್ಮಾನಿಸುವುದು ಈ ಸಾಲಿನಿಂದ. ಹೆಬ್ಬೆರಳು ಕೆಳಗೆ ಮಾಡುವ ಬಟನ್ ಒತ್ತಿ ಸುಮ್ಮನಾದರೆ ಅವರ ಬಳಿ ಒಂದು ಎಣಿಕೆ ಹೆಚ್ಚಾಗುತ್ತದೆ, ಅಷ್ಟೇ.

ತಿದ್ದುವುದು ಬೇರೆ, ಚಂದ ಮಾಡುವುದು ಬೇರೆ

ಟೂಲ್ ಒಳಗೇ ಟ್ರಾನ್ಸ್‌ಕ್ರಿಪ್ಟ್ ತಿದ್ದುವ ಸೌಲಭ್ಯವಿದ್ದರೆ ನಿಮ್ಮ ಒಂದೊಂದು ತಿದ್ದುಪಡಿಯೂ ಫೀಡ್‌ಬ್ಯಾಕೇ. ಧ್ವನಿ, ಟೂಲ್ ಬರೆದದ್ದು, ನೀವು ತಿದ್ದಿದ್ದು ಈ ಮೂರನ್ನು ಜೋಡಿಸಿ ಮುಂದೆ ಮಾಡೆಲ್‌ಗೆ ಕಲಿಸಬಹುದು. ಅದಕ್ಕೇ ಇಲ್ಲಿ ಒಂದು ಶಿಸ್ತು ಬೇಕು. ಟ್ರಾನ್ಸ್‌ಕ್ರಿಪ್ಟ್ ಪೆಟ್ಟಿಗೆಯಲ್ಲಿ ಆಡಿದ್ದನ್ನು ಆಡಿದ ಹಾಗೇ ಬರೆಯಿರಿ. "ಹೋಗ್ಯಾನ" ಎಂದಿದ್ದರೆ "ಹೋಗ್ಯಾನ". ಅದನ್ನು "ಹೋಗಿದ್ದಾನೆ" ಎಂದು ತಿದ್ದಿದರೆ ಈ ಸದ್ದಿಗೆ ಆ ಅಕ್ಷರ ಎಂದು ಮಾಡೆಲ್‌ಗೆ ತಪ್ಪು ಪಾಠ ಹೇಳಿದಂತೆ. ನಮ್ಮ ಮಾತನ್ನು ತಪ್ಪೆಂದು ನಾವೇ ದಾಖಲಿಸಿದಂತೆಯೂ ಹೌದು. "ಐತಿ", "ಮಾಡಾಕತ್ತಾರ", "ಯಾಕಂದ್ರ" ಇವು ಕನ್ನಡದ ತಪ್ಪುಗಳಲ್ಲ. ಇವುಗಳನ್ನು ಬರೆಯಲು ಬಾರದಿರುವುದು ಟೂಲ್‌ನ ಕೊರತೆ, ಅದನ್ನು ಹಾಗೆಂದೇ ವರದಿ ಮಾಡಬೇಕು. ಗ್ರಾಂಥಿಕ ರೂಪ ಬೇಕಾದದ್ದು ನಡಾವಳಿಗೆ. ನಡಾವಳಿಯ ಪೆಟ್ಟಿಗೆ ಬೇರೆ ಇದ್ದರೆ ಅಲ್ಲಿ ಮನಸಾರೆ ಚಂದ ಮಾಡಿ. ಎರಡಕ್ಕೂ ಒಂದೇ ಪೆಟ್ಟಿಗೆ ಇದ್ದರೆ ಬೇರೆ ಮಾಡಿಕೊಡಿ ಎಂದು ಫೀಡ್‌ಬ್ಯಾಕ್‌ನಲ್ಲಿ ಕೇಳಿ. ಆ ತನಕ ತಿದ್ದಿದ್ದನ್ನು ತರಬೇತಿಗೆ ಬಳಸಬೇಡಿ ಎಂದೂ ಹೇಳಿ.

ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವುದೋ ಇಂಗ್ಲಿಷ್ ಲಿಪಿಯಲ್ಲೋ ಎಂದು ತಿದ್ದುವವರೆಲ್ಲ ಮೊದಲೇ ಒಪ್ಪಿಕೊಳ್ಳಿ. ಒಬ್ಬರು "ಶಿಫ್ಟ್", ಇನ್ನೊಬ್ಬರು "ಶಿಪ್ಟು" ಎಂದರೆ ಕಂಪ್ಯೂಟರಿಗೆ ಅವು ಎರಡು ಪದ. "ನುಡಿ" ತಂತ್ರಾಂಶದ ಹಳೆಯ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸುವ ರೂಢಿ ಕಚೇರಿಗಳಲ್ಲಿ ಇನ್ನೂ ಇದೆ. ಹಾಗೆ ಅಂಟಿಸಿದ್ದು ಟೂಲ್ ಒಳಗೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕೂರುತ್ತದೆ. ಯೂನಿಕೋಡ್ ಕೀಲಿಮಣೆಯಲ್ಲೇ ಬರೆಯಿರಿ. ಡೆವಲಪರ್‌ಗಳಿಗೂ ಒಂದು ಸೂಚನೆ: "ಕೊ" ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ, ಎರಡು ಸ್ವರಚಿಹ್ನೆ ಸೇರಿಸಿಯೂ ಸಂಗ್ರಹಿಸಬಹುದು. ಕಣ್ಣಿಗೆ ಒಂದೇ, ಒಳಗೆ ಬೇರೆ. ಹೋಲಿಸುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತಾರದಿದ್ದರೆ ಸರಿ ಇದ್ದದ್ದೂ ತಪ್ಪೆಂದು ಎಣಿಕೆಯಾಗುತ್ತದೆ.

ಹೆಸರುಗಳ ಪಟ್ಟಿ

ಸಿರವಾರ "ಶನಿವಾರ" ಆದರೆ ಊರು ಹೋಗಿ ದಿನ ಬಂತು. ಊರು, ಯಂತ್ರ, ಇಲಾಖೆ, ಜನರ ಹೆಸರುಗಳ ಪಟ್ಟಿ ಕೊಡಿ ಎಂದು ಡೆವಲಪರ್ ಕೇಳಿದಾಗ ಇಡೀ ಜಿಲ್ಲೆಯ ಹಳ್ಳಿಗಳ ಪಟ್ಟಿ ಕಳಿಸಬೇಡಿ. ವಿಸ್ಪರ್‌ಗೆ ಮೊದಲೇ ಕೊಡುವ ಸೂಚನೆಯಲ್ಲಿ 224 ಟೋಕನ್ (ಮಾಡೆಲ್ ಪಠ್ಯವನ್ನು ಒಡೆದುಕೊಳ್ಳುವ ಚೂರುಗಳು) ಮಾತ್ರ ಹಿಡಿಯುತ್ತದೆ. ಕನ್ನಡದ ಒಂದೊಂದು ಮೂಲಾಕ್ಷರವೂ, ಸ್ವರಚಿಹ್ನೆಯೂ ಕಂಪ್ಯೂಟರಿನ ಯುಟಿಎಫ್-8 ಸಂಕೇತದಲ್ಲಿ 3 ಬೈಟ್ ತಿನ್ನುವುದರಿಂದ ಒಂದು ಪದಕ್ಕೇ ಹಲವು ಟೋಕನ್ ಬೇಕು. ಕೆಲವೇ ಪದಗಳಿಗೆ ಜಾಗ. ಬೇರೆ ವಿಧಾನದಲ್ಲಿ ದೊಡ್ಡ ಪಟ್ಟಿ ಕೊಡಲು ಬಂದರೂ, ಪಟ್ಟಿ ದೊಡ್ಡದಾದಷ್ಟೂ ಯಾರೂ ಹೇಳದ ಹೆಸರುಗಳು ಟ್ರಾನ್ಸ್‌ಕ್ರಿಪ್ಟಿನಲ್ಲಿ ನುಸುಳುತ್ತವೆ. ಮೀಟಿಂಗಿಗೊಂದು ಚಿಕ್ಕ ಪಟ್ಟಿ ಒಳ್ಳೆಯದು. ಗಣಿ ಮೀಟಿಂಗಿಗೆ ಸಂಡೂರು, ಫೈನ್ಸ್, ಲಂಪ್, ಪರ್ಮಿಟ್. ನೀರಿನ ಮೀಟಿಂಗಿಗೆ ಮುನಿರಾಬಾದ್, ಎಡದಂಡೆ, ಕ್ಯೂಸೆಕ್, ಟಿಎಂಸಿ, ತುದಿ ಭಾಗ. ಪದದ ಜೊತೆ ಜನ ಅದನ್ನು ಉಚ್ಚರಿಸುವ ರೀತಿಯನ್ನೂ ಬರೆಯಿರಿ. ಒಂದೇ ಮೀಟಿಂಗಿನಲ್ಲಿ ಇಬ್ಬರು ಬಸವರಾಜ ಇರುವುದು ನಮ್ಮಲ್ಲಿ ಸಾಮಾನ್ಯ. ಇಲಾಖೆ ಸೇರಿಸಿ "ಬಸವರಾಜ ಸ್ಟೋರ್ಸ್", "ಬಸವರಾಜ ಎಲೆಕ್ಟ್ರಿಕಲ್" ಎಂದು ಧ್ವನಿಗೆ ಹೆಸರು ಕೊಡುವ ಅವಕಾಶ ಕೇಳಿ.

ಸಾರಾಂಶವನ್ನು ಹೆಚ್ಚು ಅನುಮಾನಿಸಿ

ಕೆಟ್ಟ ಟ್ರಾನ್ಸ್‌ಕ್ರಿಪ್ಟ್ ಕೆಟ್ಟದಾಗಿಯೇ ಕಾಣುತ್ತದೆ, ಓದುವವರು ಎಚ್ಚರಾಗುತ್ತಾರೆ. ಕೆಟ್ಟ ಸಾರಾಂಶ ಹಾಗಲ್ಲ, ಅದರ ಭಾಷೆ ನುಣುಪಾಗಿರುತ್ತದೆ. "ನೋಡೂಣ್ರಿ" ಎಂದರೆ ನಮ್ಮಲ್ಲಿ ಎಷ್ಟೋ ಸಲ ಮರ್ಯಾದೆಯ ನಿರಾಕರಣೆ. ಸಾರಾಂಶ ಅದನ್ನು "ಪರಿಶೀಲಿಸಲು ಒಪ್ಪಿದರು" ಎಂದು ಬರೆಯುತ್ತದೆ. ಹಿರಿಯರು ಮಾತಾಡುವಾಗ ನಡುನಡುವೆ "ಹೂಂ", "ಹೌದ್ರಿ" ಎನ್ನುವುದು ಕೇಳಿಸಿಕೊಳ್ಳುತ್ತಿದ್ದೇವೆ ಎಂಬ ಗುರುತು. ಅದು ಒಪ್ಪಿಗೆಯೆಂದು ದಾಖಲಾದರೆ ಮುಂದೆ ಜಗಳಕ್ಕೆ ಕಾರಣ. ಪ್ರತಿ ತೀರ್ಮಾನದ ಪಕ್ಕದಲ್ಲೂ ಅದು ಬಂದ ನಿಮಿಷದ ಕೊಂಡಿ ಇರಬೇಕು, ಒತ್ತಿದರೆ ಆ ಧ್ವನಿ ಕೇಳಬೇಕು. ಈ ಸೌಲಭ್ಯ ಇಲ್ಲದಿದ್ದರೆ ಎಲ್ಲಕ್ಕಿಂತ ಮೊದಲು ಇದನ್ನೇ ಕೇಳಿ. ಮಾಡೆಲ್ ಎಷ್ಟೇ ಸುಧಾರಿಸಲಿ, ಮನುಷ್ಯರು ಮರಳಿ ಕೇಳುವ ದಾರಿ ಇರಲೇಬೇಕು.

ಶೇಕಡಾ ಲೆಕ್ಕ ತೋರಿಸಿದಾಗ

"ಹೊಸ ಆವೃತ್ತಿಯಲ್ಲಿ ತಪ್ಪು ಕಡಿಮೆಯಾಗಿದೆ" ಎಂದು ಡೆವಲಪರ್‌ಗಳು ಒಂದು ಶೇಕಡಾ ತೋರಿಸುತ್ತಾರೆ. ಅದು ಪದ ತಪ್ಪಿನ ಪ್ರಮಾಣ: ಬದಲಾದ, ಬಿಟ್ಟ, ಹೆಚ್ಚಾಗಿ ಸೇರಿದ ಪದಗಳನ್ನು ಕೂಡಿಸಿ, ನಿಜವಾಗಿ ಆಡಿದ ಪದಗಳಿಂದ ಭಾಗಿಸುವುದು. "ನಾಳೆ ಬೆಳಿಗ್ಗೆ ಹತ್ತು ಲಾರಿ ಬರಂಗಿಲ್ಲ" ಎಂಬ ಐದು ಪದಗಳನ್ನು ಟೂಲ್ "ನಾಳೆ ಬೆಳಗ್ಗೆ 10 ಲಾರಿ ಬರಂಗಿಲ್ಲ" ಎಂದು ಬರೆದರೆ ಎರಡು ತಪ್ಪು, ಶೇ 40. "ನಾಳೆ ಬೆಳಿಗ್ಗೆ ಹತ್ತು ಲಾರಿ ಬರ್ತಾವ" ಎಂದು ಬರೆದರೆ ಒಂದೇ ತಪ್ಪು, ಶೇ 20. ಲೆಕ್ಕದಲ್ಲಿ ಎರಡನೆಯದು ಮೇಲು. ಗೇಟಿನಲ್ಲಿ ಹತ್ತು ಲಾರಿಗೆ ಕಾಯುವ ಹಮಾಲಿಗಳನ್ನು ಕೇಳಿದರೆ ಯಾವುದು ಮೇಲೆಂದು ಹೇಳುತ್ತಾರೆ. ಕನ್ನಡದಲ್ಲಿ ಪ್ರತ್ಯಯಗಳು ಅಂಟಿಕೊಂಡು ಪದ ಉದ್ದವಾಗುವುದರಿಂದ ಒಂದು ಅಕ್ಷರ ತಪ್ಪಿದರೂ ಇಡೀ ಪದ ತಪ್ಪಾಗುತ್ತದೆ. ಹಾಗಾಗಿ ಅಕ್ಷರ ಮಟ್ಟದ ಲೆಕ್ಕವನ್ನೂ, ಜೊತೆಗೆ ನಿಷೇಧ, ಅಂಕಿ, ಹೆಸರುಗಳ ತಪ್ಪನ್ನು ಬೇರೆ ಬೇರೆಯಾಗಿ ತೋರಿಸುವ ಲೆಕ್ಕವನ್ನೂ ಕೇಳಿ.

ಇದಕ್ಕೆ ನಿಮ್ಮ ಕಡೆಯಿಂದ ಬೇಕಾದದ್ದು ಕೈಯಿಂದ ಬರೆದ ಸರಿ ಪಠ್ಯ. ಮೂರು ಬಗೆಯ ಮೀಟಿಂಗಿನಿಂದ ಐದೈದು ನಿಮಿಷ ಆರಿಸಿ: ಶಾಂತ ಕೋಣೆಯದೊಂದು, ಗದ್ದಲದ್ದೊಂದು, ಫೋನಿನಲ್ಲಿ ಜನ ಸೇರಿದ್ದೊಂದು. ಐದು ನಿಮಿಷದ ಮಾತನ್ನು ಇದ್ದ ಹಾಗೆ ಟೈಪ್ ಮಾಡಲು ಅಭ್ಯಾಸ ಇದ್ದವರಿಗೂ ಅರ್ಧ ಗಂಟೆ ಬೇಕು. ಇದನ್ನು ಡ್ಯೂಟಿಯ ಸಮಯದಲ್ಲೇ ಮಾಡಲು ಮೇಲಿನವರಿಂದ ಒಪ್ಪಿಗೆ ಪಡೆಯಿರಿ. ಊಟದ ವೇಳೆಯಲ್ಲಿ ಮಾಡಿದ ಕೆಲಸದಲ್ಲಿ ತಪ್ಪು ನುಸುಳುತ್ತದೆ, ಆ ತಪ್ಪು ಮುಂದೆ ಎಲ್ಲ ಆವೃತ್ತಿಗಳ ಅಳತೆಗೋಲಾಗಿ ಉಳಿಯುತ್ತದೆ.

ಕ್ಲಿಪ್ ಕಳಿಸುವ ಮೊದಲು

ಸರ್ವರ್ ಕಂಪನಿಯದೇ ಆದರೂ ಧ್ವನಿ ಆ ಮನುಷ್ಯನದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ. ರೆಕಾರ್ಡ್ ಆಗುತ್ತಿದೆ ಎಂದು ಮೀಟಿಂಗ್ ಶುರುವಿನಲ್ಲೇ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಹೇಳಬೇಕು, ಕ್ಲಿಪ್ ಕಳಿಸುವ ಮೊದಲು ಮಾತಾಡಿದವರಿಗೆ ತಿಳಿಸಬೇಕು. ಸಂಬಳ, ಕಾಯಿಲೆ, ಶಿಸ್ತುಕ್ರಮ, ಫೋನ್ ನಂಬರ್ ಇರುವ ತುಂಡು ಬೇಡ. ಅದೇ ತಪ್ಪು ಬೇರೆ ಜಾಗದಲ್ಲಿಯೂ ಸಿಕ್ಕೇ ಸಿಗುತ್ತದೆ. ಗುತ್ತಿಗೆ ಕಾರ್ಮಿಕರ ಮಾತಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಇರಲಿ, ಬೇಡ ಎನ್ನುವ ಧೈರ್ಯ ಅವರಿಗೆ ಕಡಿಮೆ. ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿ "ಏನ್ ಬರ್ದದ ನೋಡ್ರಿ" ಎನ್ನಬೇಡಿ, ಟೂಲ್‌ನ ಟಿಕೆಟ್‌ನಲ್ಲೇ ಸೇರಿಸಿ. ಕ್ಲಿಪ್ ಎಷ್ಟು ದಿನ ಇಡುತ್ತಾರೆ, ಯಾರು ಕೇಳುತ್ತಾರೆ ಎಂದು ಬರಹದಲ್ಲಿ ಕೇಳಿ ತಿಳಿದುಕೊಳ್ಳಿ.

ಟಿಕೆಟ್ ಮುಚ್ಚುವಾಗ ಯಾವ ಹಂತದಲ್ಲಿ ತಪ್ಪಿತ್ತು, ಏನು ಬದಲಿಸಿದರು, ಯಾವ ಆವೃತ್ತಿಯಲ್ಲಿ ಎಂಬ ಮೂರು ಮಾತು ವಾಪಸ್ ಬರಬೇಕು. ಬರದಿದ್ದರೆ ಟಿಕೆಟ್ ಮತ್ತೆ ತೆರೆಯಿರಿ. ನೀವು ಕಳಿಸಿದ ಕ್ಲಿಪ್‌ಗಳನ್ನು, ಕಳಿಸಲು ಒಪ್ಪಿಗೆ ಇದ್ದವನ್ನು ಮಾತ್ರ, ಒಂದು ಫೋಲ್ಡರಿನಲ್ಲಿ ಸರಿ ಪಠ್ಯದೊಂದಿಗೆ ಇಡಲು ತಂಡಕ್ಕೆ ಹೇಳಿ. ಪ್ರತಿ ಹೊಸ ಆವೃತ್ತಿಯನ್ನೂ ಮೊದಲು ಈ ಫೋಲ್ಡರಿನ ಮೇಲೆ ಓಡಿಸಲಿ. ಇಂಗ್ಲಿಷ್ ಸುಧಾರಿಸಲೆಂದು ಮಾಡೆಲ್ ಬದಲಿಸಿದಾಗ ಹಿಂದೆ ಸರಿಯಾಗಿದ್ದ "ಕಳಿಸ್ತೀನ್ರಿ" ಮತ್ತೆ "ಕಳಿಸೀನ್ರಿ" ಆಗುವುದುಂಟು. ಅದು ಫೋಲ್ಡರಿನಲ್ಲೇ ಸಿಕ್ಕರೆ ಆ ಆವೃತ್ತಿ ಮೀಟಿಂಗ್ ಕೋಣೆಗೆ ಬರುವ ಮೊದಲೇ ನಿಲ್ಲುತ್ತದೆ.